ತವರದ ಎಣಿಕೆ

ನಮ್ಮ ಊರಿನಲ್ಲಿ ಯಾವ ಲೋಹವನ್ನಾದರೂ ಒಮ್ಮೆ ತಟ್ಟಿದರೆ ಅದು ತನ್ನ ಎಣಿಕೆಯನ್ನು ತಿರುಗಿ ತಟ್ಟಿ ಹೇಳುತ್ತದೆ. ಕಬ್ಬಿಣ ಇಪ್ಪತ್ತಾರು, ತಾಮ್ರ ಇಪ್ಪತ್ತೊಂಬತ್ತು, ಬೆಳ್ಳಿ ನಲವತ್ತೇಳು. ಹಿತ್ತಾಳೆಗೆ ಎರಡು ದನಿ. ಒಂದು ಇಪ್ಪತ್ತೊಂಬತ್ತಕ್ಕೆ ಸುಮ್ಮನಾದರೆ ಇನ್ನೊಂದು ಒಂದೇ ಒಂದು ಹೆಚ್ಚಿಗೆ ತಟ್ಟಿ ನಿಲ್ಲುತ್ತದೆ. ಕಲ್ಲು, ಕಟ್ಟಿಗೆಗಳದ್ದು ಬರೀ ಗುಜುಗುಜು, ಕಿವಿಗೊಟ್ಟರೂ ಬಿಡಿಸಿಕೊಳ್ಳಲಾಗದು. ಹೀಗಾಗಿ ನಮ್ಮೂರವರು ಪಾತ್ರೆಯನ್ನು ಮೆಲ್ಲಗೆ ಇಡುವವರು, ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತುವವರು. ಹೊರಗಿನಿಂದ ಬಂದವರು ಇದನ್ನು ಸೌಜನ್ಯವೆಂದು ತಿಳಿದು ಹೊಗಳುತ್ತಾರೆ, ನಾವೂ ಇಲ್ಲವೆನ್ನುವುದಿಲ್ಲ. ಕೂಸುಗಳನ್ನು ತಾಮ್ರದ ಚೊಂಬು ತಟ್ಟಿ ಮಲಗಿಸುತ್ತೇವೆ. ಮದುವೆಯ ಮಾತುಕತೆಯಲ್ಲಿ ಬಂಗಾರ ತಟ್ಟಿದರೆ ಎಪ್ಪತ್ತೊಂಬತ್ತು ಮುಗಿಯುವ ತನಕ ಬೀಗರು ಎಲೆಯಡಿಕೆಯನ್ನೂ ಜಗಿಯುವುದಿಲ್ಲ. ಊರ ಗಡಿಗಲ್ಲು ದಾಟಿದರೆ ಮಾತ್ರ ಎಲ್ಲ ಲೋಹವೂ ಮೂಕ.

ನಾನು ಮಕ್ತುಂಸಾಬ, ದರ್ಜಿ. ಹೆಂಡತಿಯನ್ನು ಹೊಗಳುವ ಗಂಡ ಎಂದು ಪೇಟೆಯಲ್ಲಿ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಜೈತುನಬಿ ಅವರ ಹೆಂಡತಿಯಾಗಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರು. ಆಕೆ ಹತ್ತನೆಯ ಪರೀಕ್ಷೆ ಪಾಸಾದದ್ದು, ಸಾಲೆಯ ಗೋಡೆಯ ಮೇಲೆ ಆಕೆಯ ಹೆಸರು ಬರೆದದ್ದು ಊರಿಗೆಲ್ಲ ಗೊತ್ತಿದೆ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಮುಂಚಿನದು, ಊರೂಟದ ಹಂಡೆಯ ಸಂಗತಿ.

ಜೈತುನ ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು. ನಮ್ಮ ಮಗಳು ರೇಷ್ಮಾ ಐದನೆಯದಕ್ಕೆ ಬಂದ ವರ್ಷ, ಹೈಸ್ಕೂಲಿನವರು ಹೆಂಗಸರಿಗಾಗಿ ಸಂಜೆಯ ತರಗತಿ ತೆರೆದರು. ಮನೆಯಲ್ಲಿ ಹಿರಿಯನೆಂದರೆ ನಮ್ಮ ಅಪ್ಪ, ಕಲಾಯಿ ರಾಜೇಸಾಬ. ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ಆ ಬಿಳಿ ಹೊಗೆಯೊಳಗೇ ಕರಗಿದ ತವರವನ್ನು ಅರಳೆಯಿಂದ ತಿಕ್ಕಿ ಒಳಮೈಯೆಲ್ಲ ಕನ್ನಡಿ ಮಾಡುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಊರಿನ ಅರ್ಧ ಅಡುಗೆ ಅವನ ಕಲಾಯಿಯೊಳಗೇ ಬೇಯುತ್ತಿತ್ತು, ಸಾಲೆಯ ಮಕ್ಕಳ ಮಧ್ಯಾಹ್ನದ ಊಟ ಸಹಿತ. ಜೈತುನ ಸಾಲೆಗೆ ಹೋಗುತ್ತೇನೆಂದಾಗ ಅವನು ಮೀಸೆ ತಿರುವಿ, “ಹೋಗವಾ. ನನ್ನ ಮನಿತನದಾಗ ಯಾರೂ ಹತ್ತನೇತ್ತೆ ಕಂಡಿಲ್ಲ. ಹೆಂಗಿರ್ತೈತಿ ನೋಡ್ಕೊಂಡರ ಬಾ,” ಎಂದನು.

ದಿನಾ ಸಂಜೆ ಆಕೆಯನ್ನು ಕರೆತರಲು ನಾನು ಹೋಗುತ್ತಿದ್ದೆ. ಸ್ವಲ್ಪ ಮೊದಲೇ ಹೋಗಿ ಪಡಸಾಲೆಯಲ್ಲಿ ಕೂತು ಗುಂಡಿ ಹಚ್ಚುತ್ತ ಕಿಟಕಿಯಿಂದ ಪಾಠ ಕೇಳುವುದು ರೂಢಿಯಾಯಿತು. ರಸಾಯನಶಾಸ್ತ್ರ ಹೇಳುತ್ತಿದ್ದವರು ಜಯಶೀಲಾ ಟೀಚರು, ಆ ವರ್ಷವೇ ಬೇರೆ ಊರಿನಿಂದ ವರ್ಗವಾಗಿ ಬಂದವರು. ತಮ್ಮ ಊಟದ ಡಬ್ಬಿ ಅಲ್ಯುಮಿನಿಯಮ್ಮಿನದೆಂಬುದೇ ಅವರಿಗೆ ಮರೆತಿರುತ್ತಿತ್ತು. ಅದನ್ನು ಮೇಜಿನ ಮೇಲೆ ಕುಕ್ಕಿ, ಹದಿಮೂರು ತಟ್ಟಿ ಮುಗಿಯುವ ತನಕ ನಾಚಿಕೊಂಡು ನಿಲ್ಲುತ್ತಿದ್ದರು.

ಮೊದಲ ಪಾಠದ ದಿನ ಅವರು, “ತಾಮ್ರಾನ ಚೂರು ಮಾಡ್ಕೋತ ಹೋಗ್ರಿ. ಇನ್ನ ಒಡದ್ರ ಇದು ತಾಮ್ರ ಅನ್ನಿಸ್ಕೊಳ್ಳೂದಿಲ್ಲ ಅನ್ನೂವಂಥ ಕಡೀ ಕಣ ಒಂದೈತಿ. ಅದ ಪರಮಾಣು,” ಎಂದರು. ಜೈತುನ ಎದ್ದು ನಿಂತು ತನ್ನ ಪೆನ್ಸಿಲ್ಲನ್ನು ಎತ್ತಿ ಹಿಡಿದಳು.

“ಟೀಚರ, ಇದಕ್ಕ ನಾವು ಸೀಸದ ಕಡ್ಡಿ ಅಂತೀವ್ರಿ. ಸೀಸ ಅಂದ್ರ ಭಾರ ಇರಬೇಕಲ್ಲ, ಇದು ಹಗುರ. ತಟ್ಟಿದ್ರ ಮಣ್ಣಿನ ಗುಜುಗುಜು ನಡುವ ಆರು ಸಲ ಬಡಿದು ಸುಮ್ನಾಗ್ತೈತಿ. ಇದ್ರಾಗ ಸೀಸ ಎಲ್ಲೈತ್ರಿ?”

ಟೀಚರು ಪೆನ್ಸಿಲ್ಲನ್ನು ಕಿವಿಯ ಹತ್ತಿರ ಹಿಡಿದು ತಾವೇ ತಟ್ಟಿ ನೋಡಿದರು. ಅವರ ಮುಖ ಅರಳಿತು. “ಇದ್ರಾಗ ಸೀಸ ಇಲ್ಲೇ ಇಲ್ಲ. ಇದು ಇಂಗಾಲ, ಕುಲುಮಿ ಇದ್ದಲಿನ ಕುಲದ್ದು. ಹೆಸರು ಮಂದಿ ಇಟ್ಟದ್ದು, ಜೈತುನಬಿ. ಎಣಿಕಿ ಪರಮಾಣು ತಾನ ಇಟ್ಕೊಂಡದ್ದು.”

ಅಂದು ಮನೆಗೆ ಬರುವಾಗ ಜೈತುನ ದಾರಿಯುದ್ದಕ್ಕೂ ಮಾತಾಡಿದಳು. ಮರುದಿನ ನನ್ನ ಹೊಲಿಗೆ ಯಂತ್ರದ ಮುಂದೆ ಕೂತು ಹುಣಸೆಬೀಜ, ಕಡಲೆ, ಸಾಸಿವೆಗಳನ್ನು ಹರವಿ ನನಗೂ ಪಾಠ ಶುರುಮಾಡಿದಳು. ಪರಮಾಣುವಿನ ನಟ್ಟನಡುವೆ ಬೀಜಕೇಂದ್ರ. ಅದರೊಳಗೆ ಹುಣಸೆಬೀಜಗಳೆಂದರೆ ಪ್ರೋಟಾನುಗಳು. ಅವುಗಳಿಗೆ ಧನ ಆವೇಶ. ಜೊತೆಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಡಲೆಗಳು, ನ್ಯೂಟ್ರಾನುಗಳು. ಅವುಗಳಿಗೆ ಯಾವ ಆವೇಶವೂ ಇಲ್ಲ. ದೂರದಲ್ಲಿ, ಸುತ್ತುಸುತ್ತಾಗಿ, ಸಾಸಿವೆಯಂಥ ಎಲೆಕ್ಟ್ರಾನುಗಳು. ಅವುಗಳದ್ದು ಋಣ ಆವೇಶ, ತೂಕವೆಂಬುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಪ್ರೋಟಾನೋ ಅಷ್ಟೇ ಎಲೆಕ್ಟ್ರಾನು. ಹಾಗಾಗಿ ಒಟ್ಟು ಲೆಕ್ಕ ಸರಿತೂಗುತ್ತದೆ.

“ಇಂಗಾಲಕ್ಕ ಆರು ಪ್ರೋಟಾನು. ಒಳಗಿನ ಸುತ್ತಿನಾಗ ಎರಡ ಎಲೆಕ್ಟ್ರಾನಿಗೆ ಜಾಗ, ಉಳದ ನಾಕು ಹೊರಗಿನ ಸುತ್ತಿಗೆ,” ಎಂದು ಸಾಸಿವೆ ಜೋಡಿಸಿದಳು. “ನಮ್ಮೂರಾಗ ತಟ್ಟಿದಾಗ ಕೇಳೂದು ಪ್ರೋಟಾನಿನ ಎಣಿಕಿ. ಒಂದು ಹೆಚ್ಚಾದ್ರ ಅದು ಬ್ಯಾರೇನ ಧಾತು. ಇಪ್ಪತ್ತೊಂಬತ್ತಿದ್ರ ತಾಮ್ರ, ಮೂವತ್ತಾದ್ರ ಸತು.”

“ಈ ಕಡ್ಲಿ ಯಾಕ ಸದ್ದು ಮಾಡೂದಿಲ್ಲ?” ಎಂದೆ.

“ಅವಕ್ಕ ಆವೇಶ ಇಲ್ಲಲ್ಲ. ಆದ್ರ ಅವಿಲ್ಲಂದ್ರ ಪ್ರೋಟಾನು ಒಂದನ್ನೊಂದು ತಳ್ಳಾಡಿ ಚೆದರಿ ಹೋಗ್ತಾವಂತ. ನಡುವ ಸುಮ್ನ ಕುಂತು ಮನಿ ಹಿಡಕೊಂಡಿರ್ತಾವು,” ಎಂದು ನನ್ನ ಕಡೆ ನೋಡಿ ನಕ್ಕಳು. ಅಪ್ಪನಿಗೂ ಅವಳಿಗೂ ನಡುವೆ ವರ್ಷಗಟ್ಟಲೆ ಸುಮ್ಮನೆ ಕೂತು ಹೊಲಿದವನು ನಾನು. ಆ ನಗೆಯ ಅರ್ಥ ನನಗಾಯಿತು, ಹಿತವೂ ಆಯಿತು.

ಆ ವರ್ಷ ಅಪ್ಪ ಒಬ್ಬ ಲಾರಿ ವ್ಯಾಪಾರಿಯಿಂದ ಹೊಸ ತವರದ ಗಟ್ಟಿಗಳನ್ನು ತರಿಸಿದ್ದ. ಅದರ ಕಲಾಯಿಗೆ ಒಂದು ಗುಣ ಬಂದಿತ್ತು. ಪಾತ್ರೆ ತಟ್ಟಿದರೆ ತಾಮ್ರದ ದನಿ ನಿಂತು, ತವರದ ದನಿಯೂ ಇಳಿದ ಮೇಲೆ, ಸಣ್ಣಗೆ ಇನ್ನೂ ಒಂದಿಷ್ಟು ಹೊತ್ತು ಬಡಿತ ಕೇಳುತ್ತಿತ್ತು. ಜನ ಅದಕ್ಕೆ ಬಾಲ ಎಂದು ಹೆಸರಿಟ್ಟರು. “ರಾಜೇಸಾಬನ ಕಲಾಯಿಗೆ ಬಾಲ ಬಂದೈತಿ, ಎಷ್ಟ ಉದ್ದಕ ಹಾಡ್ತೈತಿ,” ಎಂದು ಹಳೆಯ ಕಲಾಯಿ ಸವೆಯುವ ಮುಂಚೆಯೇ ಪಾತ್ರೆ ಹೊತ್ತು ಬಂದರು. ಅದೇ ಕಾಲಕ್ಕೆ ಸಾಲೆಯ ಮಕ್ಕಳು ಹೊಟ್ಟೆ ಹಿಡಿದುಕೊಳ್ಳುವುದು ಹೆಚ್ಚಾಗಿತ್ತು. ನಮ್ಮ ರೇಷ್ಮಾ ಊಟ ಒಲ್ಲೆನೆನ್ನುತ್ತಿದ್ದಳು, ಸುಮ್ಮಸುಮ್ಮನೆ ಸಿಡುಕುತ್ತಿದ್ದಳು. ಜಂತುಹುಳ ಎಂದು ಔಷಧಿ ಕೊಟ್ಟೆವು. ಎರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ.

ಊರೂಟದ ವಾರ ಬಂತು. ವರ್ಷಕ್ಕೊಮ್ಮೆ ಊರಿನ ಎಲ್ಲ ಜಾತಿ, ಎಲ್ಲ ಓಣಿಯವರೂ ಸಾಲೆಯ ಬಯಲಿನಲ್ಲಿ ಒಂದೇ ಹಂಡೆಯ ಹುಣಸೆಸಾರು ಉಣ್ಣುವ ದಿನ ಅದು. ಆಳೆತ್ತರದ ತಾಮ್ರದ ಹಂಡೆ. ಅಪ್ಪ ಅದರೊಳಗೆ ಇಳಿದು ಹೊಸ ತವರದಲ್ಲಿ ಕಲಾಯಿ ಮುಗಿಸಿದ್ದ. ಅದೇ ವಾರ ಟೀಚರು ತರಗತಿಯವರಿಗೆ ಮನೆಯಿಂದ ಒಂದೊಂದು ವಸ್ತು ತಂದು ಎಣಿಸಿ ಅದರ ಧಾತುವಿನ ಹೆಸರು ಹೇಳಲು ಹೇಳಿದ್ದರು. ಒಬ್ಬಳು ಕಾಲುಂಗುರ ತಂದಳು, ಒಬ್ಬಳು ಕುಡುಗೋಲು. ಜೈತುನ, ಮಾವ ಕಲಾಯಿ ಹಾಕಿದ ಸಣ್ಣ ಬೋಗುಣಿಯನ್ನು ಹೆಮ್ಮೆಯಿಂದ ಒಯ್ದಿದ್ದಳು. ನಾನು ಕಿಟಕಿಯಾಚೆ ಸೂಜಿ ಹಿಡಿದು ಕೂತಿದ್ದೆ.

ಬೋಗುಣಿ ತಟ್ಟಿದರು. ಎಲ್ಲರೂ ಕೂಡಿ ಎಣಿಸಿದರು. ಇಪ್ಪತ್ತೊಂಬತ್ತಕ್ಕೆ ತಾಮ್ರ ನಿಂತಿತು. ಐವತ್ತಕ್ಕೆ ತವರ ನಿಂತಿತು. ಬಾಲ ಉಳಿಯಿತು. ಹೆಂಗಸರು ನಗುತ್ತ ಎಣಿಸುವುದನ್ನು ಬಿಟ್ಟರು, ಜೈತುನ ಒಬ್ಬಳೇ ಬಿಡಲಿಲ್ಲ. ಅರವತ್ತು, ಎಪ್ಪತ್ತು ದಾಟಿತು. ಎಂಬತ್ತೆರಡಕ್ಕೆ ಬಾಲವೂ ಸುಮ್ಮನಾಯಿತು.

“ಐವತ್ತು ತವರ. ಎಂಬತ್ತೆರಡು ಯಾವುದ್ರೀ?” ಎಂದಳು.

ಟೀಚರು ಉತ್ತರಿಸುವ ಮೊದಲು ಬೋಗುಣಿಯನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟರು. “ಅದು ಸೀಸ. ಖರೇ ಸೀಸ. ಇದ್ರಾಗ ಹುಳಿ ಕಾಸಿದ್ರ ಸೀಸ ಬಿಟ್ಕೊಂಡು ಊಟದಾಗ ಸೇರ್ತೈತಿ. ಮಕ್ಕಳಿಗಂತೂ ಅದು ವಿಷ.”

ಅಲ್ಲಿ ಕೂತ ಒಬ್ಬೊಬ್ಬಳ ಒಲೆಯ ಮೇಲೂ ಬಾಲವಿರುವ ಪಾತ್ರೆಯಿತ್ತು. ಜೈತುನ ಹೊರಗೆ ಬಂದವಳೇ, “ರೇಷ್ಮಾನ ಹೊಟ್ಟಿ,” ಎಂದಳು. ಮತ್ತೆ, “ಮಾವಗ ಹೆಂಗ ಹೇಳ್ಲಿ?” ಎಂದಳು. ನಾನು ಹೇಳುತ್ತೇನೆಂದೆ. ಆಕೆ ತಲೆಯಲ್ಲಾಡಿಸಿದಳು. “ಎಣಿಸಿದಾಕಿ ನಾನು. ನಾನ ಹೇಳಬೇಕು.”

ಮರುದಿನ ಬೆಳಿಗ್ಗೆ ಅಪ್ಪ ಚಹಾ ಕುಡಿದು ಕುಲುಮೆಯ ಮುಂದೆ ಕೂತಿದ್ದಾಗ ಹೇಳಿದಳು, ತಡವರಿಸದೆ ಹೇಳಿದಳು. ಅಪ್ಪ ಮೊದಲು ನಕ್ಕ. “ವ್ಯಾಪಾರಿ ನನಗ ಹೇಳಿದ್ದನವಾ. ಗಟ್ಟಿ ಬರ್ಲಿ ಅಂತ ಏನೋ ಸೊಲ್ಪ ಸೇರ್ಸ್ಯಾರಂತ. ಬೆಂಕಿಯೊಳಗ ಬಿದ್ದಿಂದ ಅದೂ ತವರನ ಆಕ್ಕೈತಿ. ಬೆಂಕಿ ಎಲ್ಲಾನೂ ಒಂದ ಮಾಡ್ತೈತಿ.”

“ಇಲ್ಲ ಮಾವಾ. ಬೆಂಕಿ ಕೂಡಸ್ತೈತಿ, ಒಂದ ಮಾಡೂದಿಲ್ಲ. ಪರಮಾಣುವಿನ ಹೊರಗಿನ ಸುತ್ತಿನಾಗ ಇರೂ ಎಲೆಕ್ಟ್ರಾನಿನ ತನಕ ಅಷ್ಟ ನಿಮ್ಮ ಬೆಂಕಿ ಹೊಕ್ಕೈತಿ. ಪ್ರೋಟಾನು ಇರೂದು ನಡುವಿನ ಬೀಜದಾಗ. ಅಲ್ಲಿಗೆ ಯಾವ ಕುಲುಮಿ ಬಿಸೀನೂ ಮುಟ್ಟೂದಿಲ್ಲ. ಎಂಬತ್ತೆರಡು ಇದ್ದದ್ದು ಎಂಬತ್ತೆರಡ ಇರ್ತೈತಿ.”

“ನನ್ನ ಬೆಂಕಿ ಮುಟ್ಟೂದಿಲ್ಲಂತ,” ಎಂದು ಅಪ್ಪ ನನ್ನ ಕಡೆ ತಿರುಗಿದ. ಅವನ ದನಿ ಗಡುಸಾಗಿತ್ತು. “ಸೊಸಿ ನನಗ ಬೆಂಕಿ ಕಲಿಸಾಕ ಬಂದಾಳ.”

“ಕಲಿಸಾಕಲ್ಲ ಮಾವಾ. ನೀವ ಕಾಸ್ರಿ. ಎಷ್ಟ ಹೊತ್ತ ಬೇಕೋ ಅಷ್ಟ ಹೊತ್ತ ಕಾಸ್ರಿ. ಆರಿದ ಮ್ಯಾಲ ನಾನು ಎಣಿಸೂದಿಲ್ಲ, ನೀವ ಎಣಿಸ್ರಿ. ಐವತ್ತಕ್ಕ ನಿಂತ್ರ ನಾನು ಸಾಲಿ ಬಿಡ್ತೀನಿ.”

ಅವಳು ಮಾತು ಕೊಟ್ಟರೆ ಹಿಂತೆಗೆದುಕೊಳ್ಳುವವಳಲ್ಲ. ಅಪ್ಪ ಒಂದು ಗಟ್ಟಿಯನ್ನು ಮೂಸೆಗೆ ಹಾಕಿ ತಿದಿ ಒತ್ತತೊಡಗಿದ. ನಾನು ಒತ್ತುತ್ತೇನೆಂದರೆ ಬಿಡಲಿಲ್ಲ. ಹೊಸ ಇದ್ದಲು ಸುರಿದ, ಮತ್ತೆ ಸುರಿದ. ಕರಗಿದ್ದು ಬೆಳ್ಳಗೆ ತಿರುಗಿತು, ಕೆನೆಕಟ್ಟಿತು. ಕೆನೆ ತೆಗೆದು ಮತ್ತೆ ಕಾಯಿಸಿದ. ಬಿಸಿಲು ನೆತ್ತಿಗೆ ಬರುವ ತನಕ ಅವನು ಏಳಲಿಲ್ಲ. ಜೈತುನ ಅಡುಗೆ ಬಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಕಡೆಗೆ ಮರಳಿನಲ್ಲಿ ಸುರಿದು, ಆರಿದ ಮೇಲೆ ಅದನ್ನು ತಟ್ಟಿ ಅಂಗೈ ಇಟ್ಟ. ಅಪ್ಪ ಕಿವಿಗಿಂತ ಅಂಗೈಯನ್ನು ಹೆಚ್ಚು ನಂಬುವವನು. ತುಟಿ ಅಲುಗುತ್ತಿದ್ದವು. ಐವತ್ತರ ಹತ್ತಿರ ಅವು ನಿಧಾನವಾದವು. ಆದರೆ ನಿಲ್ಲಲಿಲ್ಲ. ಅವನ ಕೈ ಗಟ್ಟಿಯ ಮೇಲೆ ಹಾಗೇ ಇತ್ತು, ತುಟಿ ಅಲುಗುತ್ತಲೇ ಇದ್ದವು. ಕೊನೆಗೆ ಕೈ ತೆಗೆದ.

“ಎಂಬತ್ತೆರಡ,” ಎಂದ.

ಆಮೇಲೆ ಎದ್ದು ಕೈಕಾಲು ತೊಳೆದು, “ಮಕ್ತುಂ, ನನ್ನ ರುಮಾಲ ಕೊಡು. ಜೈತುನ, ನೀನೂ ನಡಿ,” ಎಂದ.

ಸಾಲೆಯ ಬಯಲಿನಲ್ಲಿ ಊರೂಟದ ಹಿರಿಯ ಗುರುಬಸಯ್ಯ ಚಪ್ಪರ ಹಾಕಿಸುತ್ತಿದ್ದ. ಕೆಲಸದವರು, ಕಟ್ಟಿಗೆ ತಂದವರು, ಸುಮ್ಮನೆ ಬಂದವರು ಸೇರಿ ದೊಡ್ಡ ಗುಂಪೇ ಇತ್ತು. ಅಪ್ಪ ಹಂಡೆಯ ಪಕ್ಕ ನಿಂತು, ಮದುವೆಗೆ ಕಟ್ಟುವ ರುಮಾಲನ್ನು ತಲೆಯ ಮೇಲೆ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ. “ನನ್ನ ಕಲಾಯಿಯೊಳಗ ಸೀಸ ಐತಿ. ಈ ಹಂಡ್ಯಾಗೂ ಐತಿ, ನಿಮ್ಮನಿ ಬೋಗುಣ್ಯಾಗೂ ಐತಿ. ನಾನು ತಿಳಿಲಾರ್ದ ಹಾಕೀನಿ. ಕಂಡ ಹಿಡದಾಕಿ ನನ್ನ ಸೊಸಿ. ಏನ ಕೇಳೂದಿದ್ರೂ ಆಕೀನ್ನ ಕೇಳ್ರಿ.”

ಗದ್ದಲವಾಯಿತು. ಗುರುಬಸಯ್ಯ ಕೆಟ್ಟವನಲ್ಲ, ಆದರೆ ಮೂರನೆಯ ದಿನ ಊರಿಗೆ ಊರೇ ಉಣ್ಣಲು ಬರುತ್ತದೆಂಬ ಚಿಂತೆ ಅವನಿಗೆ. “ತಿಂಗಳಾನುಗಟ್ಲೆ ಉಂಡೀವಿ. ಯಾರ ಸತ್ತಾರ?” ಎಂದ.

ಜೈತುನ ಸೆರಗು ಬಿಗಿದುಕೊಂಡಳು. ನೂರು ಜನರೆದುರು ಆಕೆ ಹಿಂದೆಂದೂ ಮಾತಾಡಿದವಳಲ್ಲ. “ಸತ್ತಿಲ್ರಿ. ಆದ್ರ ನಿಮ್ಮ ಮೊಮ್ಮಗ ಹೊಟ್ಟಿ ನೋವು ಅಂತ ಎಷ್ಟ ಸಲ ಸಾಲಿ ಬಿಟ್ಟಾನ? ನನ್ನ ಮಗಳೂ ಬಿಟ್ಟಾಳ,” ಎಂದಳು. ಆಮೇಲೆ ಒಂದು ಸಾಸಿವೆ ಕಾಳನ್ನು ತರಿಸಿ ಬಯಲಿನ ನಡುವೆ ಇಟ್ಟಳು. ಪರಮಾಣು ಈ ಬಯಲಿನಷ್ಟಾದರೆ ಅದರ ಬೀಜಕೇಂದ್ರ ಈ ಕಾಳಿನಷ್ಟು, ಎಲೆಕ್ಟ್ರಾನುಗಳು ತಿರುಗುವುದು ಬೇಲಿಯ ತನಕ, ನಡುವೆ ಎಲ್ಲ ಖಾಲಿ ಎಂದಳು. ಜನ ಕಾಳನ್ನು ನೋಡಲು ಬಗ್ಗಿದರು. ಟೀಚರು ಸಾಲೆಯ ಮೆಟ್ಟಿಲ ಮೇಲೆ ಬಂದು ನಿಂತಿದ್ದರು.

“ಇಷ್ಟು ಖಾಲಿ ಇದ್ರ ಹೆದರಿಕಿ ಯಾಕವಾ?” ಎಂದ ಗುರುಬಸಯ್ಯ. ಗೇಲಿಗಲ್ಲ, ನಿಜವಾಗಿ ಕೇಳಿದ.

“ಖಾಲಿ ಇದ್ರೂ ಕೊಡೂದು ತಗೊಳ್ಳೂದು ನಡಿಯೂದು ಬೇಲಿ ಕಡೆನ ಅಲ್ರೀ. ಹುಣಸಿ ಹುಳಿ ಸೀಸದ ಹೊರಗಿನ ಎಲೆಕ್ಟ್ರಾನು ಬಿಡಿಸ್ಕೊಂಡು ಅದನ್ನ ಸಾರಿನಾಗ ಎಳಕೊಂತೈತಿ. ಸಾರಿನಿಂದ ರಕ್ತಕ್ಕ ಹೋಗ್ತೈತಿ. ಬೀಜ ಮಾತ್ರ ಬದಲಾಗೂದಿಲ್ಲ. ನಮ್ಮ ಮಾವ ಮುಂಜಾನಿಂದ ಕಾಸಿದ್ರೂ ಬದಲಾಗಿಲ್ಲ. ಹೊಟ್ಟಿಯೊಳಗ ಹೋಗಿ ಅದೇನು ತವರ ಆಕ್ಕೈತೇನ್ರಿ?”

ಗುರುಬಸಯ್ಯ ಅಪ್ಪನ ಕಡೆ ನೋಡಿದ. ಅಪ್ಪ ಇಲ್ಲವೆಂದು ತಲೆಯಲ್ಲಾಡಿಸಿದ. ಚಪ್ಪರದ ಕೆಲಸ ನಿಂತಿತು. ಸಂಜೆಯ ಒಳಗೆ ಮಧ್ಯಾಹ್ನದ ಊಟದ ಪಾತ್ರೆಗಳೆಲ್ಲ ಸಾಲೆಯ ಹೊರಗೆ ಬಂದವು. ಮಕ್ಕಳನ್ನು ಡಾಕ್ಟರರ ಬಳಿಗೆ ಕರೆದೊಯ್ದರು. ರಕ್ತ ನೋಡಿದ ಅವರು ಜೈತುನ ಹೇಳಿದ್ದನ್ನೇ ಹೇಳಿದರು. ಬೇಗ ತಿಳಿದದ್ದರಿಂದ ಮಕ್ಕಳೆಲ್ಲ ಚೇತರಿಸಿಕೊಂಡರು, ನಮ್ಮ ರೇಷ್ಮಾಳೂ.

ನಾನು ಅಂದೇ ಬಸ್ಸು ಹತ್ತಿ ಶಹರಕ್ಕೆ ಹೋದೆ, ಬೇರೆ ಅಂಗಡಿಯ ತವರ ತರಲು. ಅಲ್ಲಿ ತಟ್ಟಿದರೆ ಯಾವುದೂ ಉತ್ತರ ಕೊಡದು. ಅಂಗಡಿಯವನ ಮಾತನ್ನು ನಂಬಿ ಚೀಲ ಹೊತ್ತು ಬಂದೆ. ಗಡಿಗಲ್ಲಿನ ಬಳಿ ಅಪ್ಪ ಕಾಯುತ್ತಿದ್ದ. ಬಸ್ಸನ್ನು ಅಲ್ಲೇ ನಿಲ್ಲಿಸಿ, ಗಡಿಯ ಒಳಮಗ್ಗುಲಿಗೆ ನನ್ನನ್ನು ಇಳಿಸಿಕೊಂಡು, ಒಂದೊಂದು ಗಟ್ಟಿಯನ್ನೂ ತಟ್ಟಿ ಅಂಗೈ ಇಟ್ಟ. ಎಲ್ಲವೂ ಐವತ್ತಕ್ಕೆ ನಿಂತವು. ಬಸ್ಸಿನಲ್ಲಿದ್ದವರು ಗೊಣಗದೆ ಕಾದರು.

ಜೈತುನಳ ತರಗತಿಯ ಹೆಂಗಸರು ಅಷ್ಟರಲ್ಲಿ ಮೂಗುಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಂಡೆಯ ಒಳಗಿನ ಕಲಾಯಿಯನ್ನು ಕೆರೆದು ತೆಗೆದಿದ್ದರು. ಕೆರೆದ ಪುಡಿ ಗಾಳಿಗೆ ಹಾರದಂತೆ ಟೀಚರು ಮುಂದೆ ನಿಂತು ಡಬ್ಬಿಗೆ ತುಂಬಿಸಿದರು. ಊರೂಟದ ದಿನ ಮುಂಜಾನೆ ಅಪ್ಪ ಹೊಸ ಕಲಾಯಿ ಹಾಕಿದ. ಜನ ಬರತೊಡಗಿದ್ದರು. ಹಂಡೆ ಆರಿದ ಮೇಲೆ ಜೈತುನ ಸೌಟಿನಿಂದ ತಟ್ಟಿದಳು. ಇಪ್ಪತ್ತೊಂಬತ್ತು ಮುಗಿಯಿತು, ಐವತ್ತು ಮುಗಿಯಿತು. ಬಹಳ ಸಣ್ಣಗೆ, ಕಿವಿ ಹಚ್ಚಿದವರಿಗಷ್ಟೇ ಕೇಳುವಂತೆ, ಬಾಲ ಇನ್ನೂ ಇತ್ತು. ಹಂಡೆಯ ತಳದ ಅಂಚಿನಲ್ಲಿ ಎಲ್ಲೋ ಹಳೆಯದು ಉಳಿದುಕೊಂಡಿತ್ತು.

“ಇಷ್ಟಕ್ಕ ಏನಾಗ್ತೈತಿ, ಬಿಡವಾ. ಮಂದಿ ಹಸ್ದಾರ,” ಎಂದರು ಯಾರೋ. ಜೈತುನ ಅಪ್ಪನ ಮುಖ ನೋಡಿದಳು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು. ಅವನು ರುಮಾಲು ತೆಗೆದು ನನ್ನ ಕೈಗೆ ಕೊಟ್ಟು, “ನನ್ನ ಸೊಸಿ ಸಾಕು ಅನ್ನೂ ತನಕ ನಾನು ಹಾಕಿದ್ದು ಕಲಾಯಿ ಅಲ್ಲ,” ಎಂದು ಮತ್ತೆ ಹಂಡೆಯೊಳಗೆ ಇಳಿದ. ಜೈತುನಳೂ ಕೆರೆಗತ್ತಿ ಹಿಡಿದು ಅವನ ಹಿಂದೆ ಇಳಿದಳು. ಒಳಗಿನಿಂದ ಕೆರೆಯುವ ಸದ್ದು, ಹಂಡೆಯ ತಾಮ್ರ ತನ್ನ ಇಪ್ಪತ್ತೊಂಬತ್ತನ್ನು ಮತ್ತೆ ಮತ್ತೆ ತಟ್ಟುವ ಸದ್ದು. ಗುರುಬಸಯ್ಯ ಮಕ್ಕಳಿಗೆ ಚುರುಮುರಿ ಬೆಲ್ಲ ಹಂಚಿಸಿದ. ಹೊತ್ತು ಇಳಿಯಿತು. ಒಬ್ಬರೂ ಮನೆಗೆ ಹೋಗಲಿಲ್ಲ.

ಬಿಸಿಲು ಬಾಗಿದ ಮೇಲೆ ಎರಡನೆಯ ಕಲಾಯಿ ಮುಗಿದು ಹಂಡೆ ಆರಿತು. ಜೈತುನ ಮೈಯೆಲ್ಲ ಮಸಿ ಮಾಡಿಕೊಂಡು ಸೌಟು ಹಿಡಿದು ನಿಂತಳು. ಬಯಲು ತಾನೇ ಸುಮ್ಮನಾಯಿತು. ಅವಳು ತಟ್ಟಿದಳು. ತಾಯಂದಿರು, ಮಕ್ಕಳು, ಕಟ್ಟಿಗೆಯವರು, ಬಸ್ಸಿನವರು, ಎಲ್ಲರ ತುಟಿಯೂ ಅಲುಗುತ್ತಿತ್ತು. ತಾಮ್ರ ನಿಂತಿತು. ತವರ ಒಂದೇ ದನಿಯಲ್ಲಿ ಮುಂದೆ ಹೋಯಿತು. ನಲವತ್ತೆಂಟು. ನಲವತ್ತೊಂಬತ್ತು. ಐವತ್ತು.

ಆಮೇಲೆ ಏನೂ ಇಲ್ಲ. ಇಡೀ ಊರು ಕಿವಿಗೊಟ್ಟು ನಿಂತಿತ್ತು, ಮತ್ತೂ ಏನೂ ಇಲ್ಲ. ಅಪ್ಪ ಹಂಡೆಯ ಮೈಮೇಲೆ ಅಂಗೈ ಇಟ್ಟೇ ಇದ್ದ. ಜೈತುನ ಆ ಮೌನವನ್ನೂ ತನ್ನೊಳಗೇ ಎಂಬತ್ತೆರಡರ ತನಕ ಎಣಿಸಿದಳೆಂದು ನನಗೆ ಗೊತ್ತು. ನಾನು ಆಕೆಯ ತುಟಿಯನ್ನೇ ನೋಡುತ್ತಿದ್ದೆ. ಎಣಿಸಿ ಮುಗಿಸಿ ಮಾವನ ಕಡೆ ನೋಡಿ ಸಾಕೆಂಬಂತೆ ತಲೆಯಾಡಿಸಿದಳು. ಅಪ್ಪ ನನ್ನಿಂದ ರುಮಾಲು ಇಸಿದುಕೊಂಡು ತಲೆಗೆ ಸುತ್ತಿಕೊಂಡ.

“ಹುಣಸಿ ನೆನೀ ಇಡ್ರಿ,” ಎಂದ.